ಗುರುತಿಲ್ಲದ ಕಾಡಿಗೆ ಮೂರು ಸಲ

ಮೂರು ವರ್ಷ ನನ್ನನ್ನು ಎಲ್ಕ್ ಬೇಟೆಗೆ ಜೊತೆಯಲ್ಲಿ ಕರೆದುಕೊಂಡು ಹೋಗುತ್ತಿದ್ದ ಗೆಳೆಯ 2023ರ ಕೊನೆಯಲ್ಲಿ ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೊರಟ. ಗುರಿ ಹಿಡಿಯುವುದು, ಚರ್ಮ ಸುಲಿಯುವುದು, ಮಾಂಸ ಕೆಡದಂತೆ ತಣ್ಣಗಿಡುವುದು ಎಲ್ಲ ಅವನಿಂದಲೇ ಕಲಿತದ್ದು. ಜಾಗ ಮಾತ್ರ ಅವನದ್ದು. ಅವನ ಅಜ್ಜ ನಡೆದಿದ್ದ ದಾರಿ, ಅವನ ಅಪ್ಪ ತೋರಿಸಿದ್ದ ಗುಡ್ಡ. ನಾನು ಹಿಂದೆ ಹಿಂದೆ ಹೋಗುತ್ತಿದ್ದೆ ಅಷ್ಟೆ. ಅವನು ಹೋದ ಮೇಲೆ ಗೊತ್ತಾಯಿತು, ಒಂದು ಕಾಡನ್ನು ನಾನಾಗಿಯೇ ಓದುವುದು ನನಗೆ ಬರುವುದಿಲ್ಲ ಅಂತ.

ಅದನ್ನು ಕಲಿಯಲು ಹೊರಟ 2024ರ ಕಥೆ ಇದು. ಬೇಟೆಯ ಕಥೆ ಅಲ್ಲ, ಜಾಗ ಹುಡುಕಿದ ಕಥೆ.

ನಾನು ಇರುವುದು ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ. ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಎಲ್ಕ್ ಅಂದರೆ ಯಾವ ಪ್ರಾಣಿ ಅಂತ ಊರಿನವರು ಕೇಳಿದರೆ, ನಮ್ಮ ಕಡವೆ ನೆನೆಸಿಕೊಳ್ಳಿ, ಅದಕ್ಕಿಂತ ಉದ್ದ ಕಾಲು, ಕುತ್ತಿಗೆಗೆ ಗಾಢ ಕಂದು ಕೂದಲು, ಹಿಂಭಾಗ ಮಾತ್ರ ಕೆನೆ ಬಣ್ಣ ಅನ್ನುತ್ತೇನೆ. ಹೆಣ್ಣೇ ಸುಮಾರು 225 ಕಿಲೋ ತೂಗುತ್ತದೆ, ಬಲಿತ ಗಂಡು 300 ದಾಟುತ್ತದೆ. ಹೆಸರಿನ ಗೊಂದಲ ಹಳೆಯದು. ಸಿಲೋನಿನಲ್ಲಿದ್ದ ಬ್ರಿಟಿಷರು ಕಡವೆಯನ್ನೇ ಎಲ್ಕ್ ಅನ್ನುತ್ತಿದ್ದರು, ಯುರೋಪಿನಲ್ಲಿ ಎಲ್ಕ್ ಅಂದರೆ ಮೂಸ್ ಅನ್ನುವ ಬೇರೆಯೇ ದೊಡ್ಡ ಜಿಂಕೆ. ಹಾಗಾಗಿ ಹೋಲಿಕೆ ಹೇಳಿಬಿಡುವುದೇ ಸುಲಭ.

ಇನ್ನೊಂದು ಪ್ರಶ್ನೆಯೂ ಬರುತ್ತದೆ, ಬೇಟೆ ಅಪರಾಧ ಅಲ್ವಾ ಅಂತ. ನಮ್ಮಲ್ಲಿ ಹೌದು. ನನ್ನ ಅಜ್ಜ ಶಿಕಾರಿಗೆ ಹೋಗುತ್ತಿದ್ದವರು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಅವರ ಕೋವಿ ಗೋಡೆ ಸೇರಿತು, ಅದು ಸರಿಯಾದದ್ದೇ ಅಂತ ಅಪ್ಪಯ್ಯ ಈಗಲೂ ಹೇಳುತ್ತಾರೆ. ಇಲ್ಲಿಯೂ ಒಂದು ಕಾಲದಲ್ಲಿ ಮಾಂಸದ ವ್ಯಾಪಾರಕ್ಕೆ ಹೊಡೆದು ಹೊಡೆದು ಎಲ್ಕ್ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. 1913 ಮತ್ತು 1914ರಲ್ಲಿ ಯೆಲ್ಲೋಸ್ಟೋನ್ ಕಡೆಯಿಂದ ತಂದು ಎಸ್ಟೆಸ್ ಪಾರ್ಕ್ ಹತ್ತಿರ ಮತ್ತೆ ಬಿಟ್ಟರು. ಈಗ ಕೊಲೊರಾಡೊದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಇವೆ, ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಬೇಟೆಗೆ ಟ್ಯಾಗ್ ಬೇಕು, ಅಂದರೆ ಪರವಾನಗಿ ಚೀಟಿ, ಒಂದು ಟ್ಯಾಗ್‌ಗೆ ಒಂದೇ ಪ್ರಾಣಿ. ತಿನ್ನುವಂಥ ಮಾಂಸವನ್ನು ಕಾಡಲ್ಲಿ ಬಿಟ್ಟು ಬಂದರೆ ಅದೇ ಅಪರಾಧ. ಈ ಕೊನೆಯ ಮಾತು ಜಾಗ ಹುಡುಕುವುದಕ್ಕೂ ಸಂಬಂಧಪಟ್ಟದ್ದು, ಮುಂದೆ ಹೇಳುತ್ತೇನೆ.

ಮೊದಲ ಕೆಲಸ ಜನವರಿಯಲ್ಲೇ ಶುರು, ಮನೆಯ ಮೇಜಿನ ಮೇಲೆ. ಬೇಟೆಗಾಗಿ ಈ ರಾಜ್ಯವನ್ನು 180ಕ್ಕೂ ಜಾಸ್ತಿ ಯೂನಿಟ್‌ಗಳಾಗಿ ಹಂಚಿದ್ದಾರೆ. ಹೆಣ್ಣು ಎಲ್ಕ್ ಟ್ಯಾಗ್ ಬೇಕಿದ್ದರೆ ಯಾವ ಯೂನಿಟ್, ಯಾವ ಸೀಸನ್ ಅಂತ ಏಪ್ರಿಲ್ ಮೊದಲ ವಾರದಲ್ಲೇ ಅರ್ಜಿ ಹಾಕಬೇಕು. ಅಂದರೆ ಕಾಲಿಡದ ಜಾಗವನ್ನು, ಹಿಮ ಮುಚ್ಚಿರುವಾಗಲೇ, ಅಂಕಿಅಂಶ ನೋಡಿ ಆರಿಸಬೇಕು. ಪ್ರತಿ ಯೂನಿಟ್‌ನಲ್ಲಿ ಎಷ್ಟು ಜನ ಹೋದರು, ಎಷ್ಟು ಎಲ್ಕ್ ಸಿಕ್ಕಿದವು ಅಂತ ರಾಜ್ಯದ ವನ್ಯಜೀವಿ ಇಲಾಖೆ ಪ್ರತಿ ವರ್ಷ ಪ್ರಕಟಿಸುತ್ತದೆ. ಹೊಸಬರು ಅದರಲ್ಲಿ ಶೇಕಡಾವಾರು ಕಾಲಂ ಒಂದನ್ನೇ ನೋಡುತ್ತಾರೆ, ನಾನೂ ಹಾಗೇ ನೋಡಿದೆ. ಒಂದು ಯೂನಿಟ್‌ನಲ್ಲಿ ಅರ್ಧಕ್ಕರ್ಧ ಜನಕ್ಕೆ ಸಿಕ್ಕಿದೆ ಅಂದರೆ ಅಲ್ಲಿ ಎಲ್ಕ್ ತುಂಬಿ ತುಳುಕುತ್ತಿವೆ ಅಂತ ಅಲ್ಲ. ಅಲ್ಲಿಯ ಜಮೀನೆಲ್ಲ ಖಾಸಗಿ ಇರಬಹುದು, ದುಡ್ಡು ಕೊಟ್ಟು ಒಳಗೆ ಹೋದವರಿಗೆ ಸಿಕ್ಕಿರಬಹುದು, ಅಥವಾ ಅರ್ಜಿ ಹಾಕಿ ಟ್ಯಾಗ್ ಸಿಗದ ವರ್ಷಕ್ಕೊಂದರಂತೆ ಬರುವ ಪಾಯಿಂಟನ್ನು ಹತ್ತು ಹದಿನೈದು ವರ್ಷ ಕೂಡಿಟ್ಟವರಿಗೆ ಮಾತ್ರ ಅಲ್ಲಿಯ ಟ್ಯಾಗ್ ಬರುತ್ತಿರಬಹುದು. ರಾಜ್ಯದ ಸರಾಸರಿ ನೋಡಿದರೆ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಸಿಗುತ್ತದೆ, ಅಷ್ಟೆ.

ಇನ್ನೊಂದು ತಪ್ಪು ಹಳೆಯ ಅಂಕಿ ನಂಬುವುದು. ನನ್ನ ಪಟ್ಟಿಯ ಮೇಲ್ತುದಿಯಲ್ಲಿದ್ದದ್ದು ರಾಜ್ಯದ ವಾಯವ್ಯ ಮೂಲೆಯ ಒಂದು ಯೂನಿಟ್. 2020, 2021ರ ಲೆಕ್ಕ ನೋಡಿದರೆ ಬಾಯಲ್ಲಿ ನೀರೂರುವ ಹಾಗಿತ್ತು. ಆದರೆ 2022-23ರ ಚಳಿಗಾಲ ಆ ಕಡೆ ಭೀಕರವಾಗಿತ್ತು. ಹಿಮ ಗಟ್ಟಿ ಹೆಪ್ಪಾಗಿ ಮೇವು ಸಿಗದೆ ಎಲ್ಕ್ ಮರಿಗಳು ಸಾಲು ಸಾಲಾಗಿ ಸತ್ತವು, ಇಲಾಖೆ ಟ್ಯಾಗ್‌ಗಳನ್ನು ಭಾರಿ ಕಡಿಮೆ ಮಾಡಿತು. ಆ ಹಿಂಡು ಚೇತರಿಸಿಕೊಳ್ಳುವವರೆಗೆ ಅಲ್ಲಿ ಕಾಲಿಡಲು ನನಗೆ ಮನಸ್ಸಾಗಲಿಲ್ಲ. ಪಟ್ಟಿಯಿಂದ ತೆಗೆದೆ.

ಕೊನೆಗೆ ಉಳಿದದ್ದು ನಾರ್ತ್ ಪಾರ್ಕ್. ನಮ್ಮ ಮನೆಯಿಂದ ಪೂಡರ್ ನದಿಯ ಕಣಿವೆಯಲ್ಲಿ 14ನೇ ಹೆದ್ದಾರಿ ಹಿಡಿದು ಹೊರಟರೆ, 10,276 ಅಡಿ ಎತ್ತರದ ಕ್ಯಾಮರಾನ್ ಪಾಸ್ ದಾಟಿ ಇಳಿದರೆ, ಮೂರು ಕಡೆ ಬೆಟ್ಟ ಇರುವ ಅಗಲ ಬಟ್ಟಲಿನಂಥ ಬಯಲು. ನಡುವೆ ವಾಲ್ಡೆನ್ ಅನ್ನುವ ಪುಟ್ಟ ಊರು. ಪಡುವಣಕ್ಕೆ ಪಾರ್ಕ್ ರೇಂಜ್ ಬೆಟ್ಟಸಾಲು, ಅದರ ಮೈಮೇಲೆ ರೌಟ್ ನ್ಯಾಷನಲ್ ಫಾರೆಸ್ಟ್, 11 ಲಕ್ಷ ಎಕರೆಗೂ ಜಾಸ್ತಿ. ಅಂಕಿಯಲ್ಲಿ ಇದು ಸಾಧಾರಣ ಯೂನಿಟ್. ಆದರೆ ಎರಡೂವರೆ ಗಂಟೆಯಲ್ಲಿ ತಲುಪಬಹುದು, ಶನಿವಾರ ಭಾನುವಾರ ಮತ್ತೆ ಮತ್ತೆ ಹೋಗಿ ನೋಡಬಹುದು. ದೂರದ ಒಳ್ಳೆ ಜಾಗವನ್ನು ಒಂದು ಸಲ ನೋಡುವುದಕ್ಕಿಂತ ಇದೇ ಮೇಲು ಅನ್ನಿಸಿತು. ಅಕ್ಟೋಬರ್ ಕೊನೆಯ ಎರಡನೇ ರೈಫಲ್ ಸೀಸನ್‌ಗೆ ಅರ್ಜಿ ಹಾಕಿದೆ, ಬಂತು. ಯೂನಿಟ್ ನಂಬರ್, ಕಣಿವೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿ ನಡೆಯುವ ಬೇರೆಯವರಿಗೆ ನಾನು ಕೊಡುವ ಮರ್ಯಾದೆ ಅದು.

ಈ ಸಾರ್ವಜನಿಕ ಕಾಡು ಅನ್ನುವುದು ನನಗೆ ಹತ್ತು ವರ್ಷವಾದರೂ ಹಳೆಯದಾಗಿಲ್ಲ. ನಮ್ಮೂರಲ್ಲಿ ಕಾಡು ಅಂದರೆ ಇಲಾಖೆಯದ್ದು, ನಮಗೆ ಸೊಪ್ಪಿನ ಬೆಟ್ಟದವರೆಗೆ ಮಾತ್ರ. ಇಲ್ಲಿ ನಕ್ಷೆಯಲ್ಲಿ ಹಸಿರು ಬಣ್ಣ ಇದ್ದ ಕಡೆ ಯಾರನ್ನೂ ಕೇಳದೆ ನಡೆಯಬಹುದು, ಮಲಗಬಹುದು. ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿರುವ ನನಗೂ ಅಲ್ಲಿ ಪಾಲಿದೆ. ಆ ಹಸಿರು ಪುಕ್ಕಟೆ ಹುಟ್ಟಿದ್ದಲ್ಲ ಅನ್ನುವುದನ್ನೂ ಮರೆಯಬಾರದು. ಯೂಟ್ ಜನ ಬೇಸಿಗೆ ಬೇಸಿಗೆ ಬೇಟೆಗೆ ಬರುತ್ತಿದ್ದ ನೆಲ ಇದು. 1881ರಲ್ಲಿ ಅವರಲ್ಲಿ ಹೆಚ್ಚಿನವರನ್ನು ಯೂಟಾ ಕಡೆಗೆ ಓಡಿಸಿದರು. ಅಲ್ಲಿ ನಡೆಯುವಾಗೆಲ್ಲ ಇದು ನೆನಪಿಗೆ ಬರುತ್ತದೆ.

ಹಸಿರಿನ ಪಕ್ಕದಲ್ಲೇ ಬಿಳಿ ಬಣ್ಣದ ಖಾಸಗಿ ಜಮೀನು ಇರುತ್ತದೆ. ಕೊಲೊರಾಡೊದಲ್ಲಿ ಬೇಲಿ, ಬೋರ್ಡು ಏನೂ ಇಲ್ಲದಿದ್ದರೂ ಒಪ್ಪಿಗೆ ಇಲ್ಲದೆ ಅಲ್ಲಿಗೆ ಬೇಟೆಗೆ ಹೋಗುವ ಹಾಗಿಲ್ಲ. ಅದಕ್ಕೆ ಫೋನಿನ ನಕ್ಷೆ ಬೇಕೇ ಬೇಕು, ಸಿಗ್ನಲ್ ಇಲ್ಲದಾಗಲೂ ತೆರೆಯುವ ಹಾಗೆ ಮೊದಲೇ ಇಳಿಸಿಕೊಂಡಿರಬೇಕು.

ನಕ್ಷೆ ಓದುವಾಗ ನನಗೆ ಅಡ್ಡ ಬಂದದ್ದು ಮಲೆನಾಡಿನ ಕಣ್ಣು. ನಮ್ಮ ಕಡೆ ಬೆಟ್ಟಕ್ಕೆ ಪಡುವಣ ಮೂಡಣ ಮುಖ್ಯ, ಮಳೆ ಎತ್ಲಾಗೆ ಹೊಡೆಯುತ್ತದೆ ಅನ್ನುವುದು ಎಲ್ಲ ತೀರ್ಮಾನ ಮಾಡುತ್ತದೆ. ಇಲ್ಲಿ ಲೆಕ್ಕ ಬಡಗು ತೆಂಕಿನದು. ತೀರ್ಥಹಳ್ಳಿಯಲ್ಲಿ ಸೂರ್ಯ ನೆತ್ತಿಗೆ ಬರುತ್ತಾನೆ. ಇಲ್ಲಿ, 40 ಡಿಗ್ರಿ ಉತ್ತರದಲ್ಲಿ, ಯಾವಾಗಲೂ ತೆಂಕಣಕ್ಕೆ ವಾಲಿಯೇ ಇರುತ್ತಾನೆ. ಹಾಗಾಗಿ ತೆಂಕು ಮುಖದ ಇಳಿಜಾರು ಒಣಗಿ ಹುಲ್ಲು, ಕುರುಚಲು. ಬಡಗು ಮುಖದ್ದು ತಂಪು, ತೇವ, ಸ್ಪ್ರೂಸ್ ಫರ್ ಮರಗಳ ಕತ್ತಲು. ಎಲ್ಕ್ ಹಗಲೆಲ್ಲ ಆ ಕತ್ತಲಲ್ಲಿ ಮಲಗುತ್ತವೆ, ಬೆಳಿಗ್ಗೆ ಸಂಜೆ ಹುಲ್ಲಿಗೆ ಬರುತ್ತವೆ. ಕಡಿದಾದ ಬಡಗು ಇಳಿಜಾರಿನ ನಡುವೆ ಮೆಟ್ಟಿಲಿನ ಹಾಗೆ ಸ್ವಲ್ಪ ಸಮತಟ್ಟು ಇದ್ದರೆ, ಹತ್ತಿರ ಒರತೆ ಇದ್ದರೆ ಅದು ಅವುಗಳ ಮಲಗುವ ಕೋಣೆ. ನಕ್ಷೆಯಲ್ಲಿ ಎತ್ತರ ತೋರಿಸುವ ಸಮೋನ್ನತಿ ಗೆರೆಗಳು ಒತ್ತೊತ್ತಾಗಿ ಬಂದು ಒಂದು ಕಡೆ ಸಡಿಲವಾಗಿ ಮತ್ತೆ ಒತ್ತಾಗುವ ಜಾಗ. ಅಂಥ ಒಂಬತ್ತು ಜಾಗಕ್ಕೆ ಗುರುತು ಹಾಕಿಕೊಂಡೆ.

ಜುಲೈ ಎರಡನೇ ವಾರ ಮೊದಲ ಸಲ ಹೋದೆ. ಕತ್ತಲಿರುವಾಗಲೇ ಹೊರಟು ಬೆಳಕು ಹರಿಯುವ ಹೊತ್ತಿಗೆ 11,000 ಅಡಿಯ ಹತ್ತಿರ, ಮರಗಳು ಮುಗಿಯುವ ಅಂಚಿನಲ್ಲಿ ಕೂತು ದುರ್ಬೀನು ಹಿಡಿದೆ. ಎದುರಿನ ಹಸಿರು ಬಟ್ಟಲಲ್ಲಿ 41 ಎಲ್ಕ್. ಎರಡು ಸಲ ಎಣಿಸಿದೆ. ತಾಯಿಗಳು, ಕಂದು ಮರಿಗಳು, ಒಂದು ಮರಿ ಇನ್ನೊಂದನ್ನು ಅಟ್ಟಿಸಿಕೊಂಡು ಹಿಮದ ತುಣುಕಿನ ಮೇಲೆ ಜಾರುತ್ತಿತ್ತು. ಎದೆ ತುಂಬಿ ಬಂತು. ಜಾಗ ಸಿಕ್ಕಿತು ಅಂದುಕೊಂಡೆ. ಮಧ್ಯಾಹ್ನ ಸಿಡಿಲು ಶುರುವಾಗುವ ಮೊದಲು ಇಳಿಯಬೇಕು ಅಂತ ಬೇರೆ ದಾರಿ ಹಿಡಿದೆ. ಆ ದಾರಿಯಲ್ಲೇ ನನ್ನ ಒಂಬತ್ತರಲ್ಲಿ ಒಂದು ಜಾಗ ಇತ್ತು, ರಸ್ತೆಯಿಂದ ಒಂದೂವರೆ ಮೈಲಿ ಅಷ್ಟೆ.

ನಕ್ಷೆಯಲ್ಲಿ ಹೇಳಿ ಮಾಡಿಸಿದ ಹಾಗಿದ್ದ ಆ ಜಾಗದಲ್ಲಿ ನಿಂತ ಮರಕ್ಕಿಂತ ಬಿದ್ದ ಮರವೇ ಜಾಸ್ತಿ. 1990ರ ದಶಕದ ಕೊನೆಯಿಂದ ಪೈನ್ ಬೀಟಲ್ ಅನ್ನುವ ಅಕ್ಕಿಕಾಳಿನಷ್ಟು ಹುಳ ಕೊಲೊರಾಡೊದಲ್ಲಿ 30 ಲಕ್ಷ ಎಕರೆಗೂ ಜಾಸ್ತಿ ಕಾಡಿನಲ್ಲಿ ಪೈನ್ ಮರಗಳನ್ನು ಕೊಂದಿದೆ, ನಾರ್ತ್ ಪಾರ್ಕ್‌ಗೂ ದೊಡ್ಡ ಹೊಡೆತವೇ ಬಿತ್ತು. ನಿಂತೇ ಸತ್ತ ಮರಗಳು ಹತ್ತು ಹದಿನೈದು ವರ್ಷ ನಿಂತು ಆಮೇಲೆ ಒಂದರ ಮೇಲೊಂದು ಬೀಳುತ್ತವೆ. ಸೊಂಟದೆತ್ತರ, ಕೆಲವು ಕಡೆ ಎದೆಯೆತ್ತರ ಅಡ್ಡಾದಿಡ್ಡಿ ದಿಮ್ಮಿ, ಸಂದಿಯಲ್ಲಿ ಹೊಸ ಸಸಿಗಳು. ತೊಗಟೆ ಉದುರಿ ನುಣುಪಾದ ದಿಮ್ಮಿಯ ಮೇಲೆ ಕಾಲಿಟ್ಟರೆ ಜಾರುತ್ತದೆ, ಕೆಳಗೆ ನುಸುಳಿದರೆ ಮೊನಚು ಕೊಂಬೆ ಚೀಲಕ್ಕೆ ಸಿಕ್ಕಿಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ನೂರು ಗಜ ಹೋಗಲಾಗಲಿಲ್ಲ, ಮೊಣಕಾಲಿಗೆ ಗಾಯ ಬೇರೆ. ವಾಪಸ್ ಬಂದು ನಕ್ಷೆಯಲ್ಲಿ ಆ ಜಾಗಕ್ಕೆ ಕೆಂಪು ಗುರುತು ಹಾಕಿದೆ. ಬೇಡ ಅಂತ.

ಕೆಳಗೆ ವಿಲ್ಲೋ ಪೊದೆಯ ಜೌಗಿನಲ್ಲಿ ಒಂದು ಹೆಣ್ಣು ಮೂಸ್ ಮರಿ ಜೊತೆ ನಿಂತಿತ್ತು. 1978ರಲ್ಲಿ ಮೂಸ್‌ಗಳನ್ನು ನಾರ್ತ್ ಪಾರ್ಕ್‌ಗೆ ತಂದು ಬಿಟ್ಟದ್ದು, ಈಗ ಅಲ್ಲಿ ಸಾಮಾನ್ಯ. ಎಲ್ಕ್ ಅಂತ ತಪ್ಪು ತಿಳಿದು ಮೂಸ್ ಹೊಡೆಯುವವರು ಪ್ರತಿ ವರ್ಷ ಇರುತ್ತಾರೆ, ಆದ್ದರಿಂದ ದೂರದಲ್ಲೇ ಕೂತು ಅದರ ಕಪ್ಪು ಮೈ, ದಪ್ಪ ಮೂತಿ, ಹಿಂಭಾಗದಲ್ಲಿ ತಿಳಿ ಬಣ್ಣ ಇಲ್ಲದಿರುವುದು ಎಲ್ಲ ಚೆನ್ನಾಗಿ ಕಣ್ಣಲ್ಲಿ ತುಂಬಿಕೊಂಡೆ.

ಆ ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿ 41 ಎಲ್ಕ್ ನೋಡಿದ್ದು ಹೇಳಿದೆ. ಅವರು ಎಲ್ಕ್ ನೋಡಿದವರಲ್ಲ, ಶಿಕಾರಿ ಮಾಡಿದವರೂ ಅಲ್ಲ. ಆದರೆ ಅಜ್ಜನ ಹಿಂದೆ ಹಳುವಿನಲ್ಲಿ ಓಡಾಡಿದವರು. ಅವರು ಕೇಳಿದ್ದು ಎರಡೇ. "ನೀರೆಲ್ಲಿ? ಗಾಳಿ ಎತ್ಲಾಗಿಂದ?" ನೀರು ಹೇಳಿದೆ. ಗಾಳಿ ಗೊತ್ತಿರಲಿಲ್ಲ. "ಮತ್ತೆ ಎಂಥ ನೋಡಿದ್ದು ಮಾರಾಯ" ಅಂದರು.

ಹಾಗಾಗಿ ಸೆಪ್ಟೆಂಬರ್‌ನ ಎರಡನೇ ಸಲ ನಾನು ಹೆಚ್ಚಾಗಿ ನೋಡಿದ್ದು ಗಾಳಿಯನ್ನು. ಒಂದು ಪುಟ್ಟ ಬಾಟಲಿಯಲ್ಲಿ ಪೌಡರ್ ತುಂಬಿಕೊಂಡು ಗಂಟೆಗೊಮ್ಮೆ ಹಿಸುಕಿ ನೋಡುವುದು, ಬರೆದುಕೊಳ್ಳುವುದು. ಬೆಟ್ಟದಲ್ಲಿ ಗಾಳಿಗೆ ದಿನಚರಿ ಇದೆ. ಬಿಸಿಲು ಏರಿ ನೆಲ ಕಾದರೆ ಗಾಳಿ ಇಳಿಜಾರನ್ನು ಹತ್ತುತ್ತದೆ, ಸಂಜೆ ತಂಪಾಗುತ್ತಿದ್ದಂತೆ ನೀರಿನ ಹಾಗೆ ಕೆಳಗೆ ಹರಿಯುತ್ತದೆ, ಬೆಳಿಗ್ಗೆ ಬಿಸಿಲು ಬೀಳುವವರೆಗೂ ಹಾಗೇ ಇರುತ್ತದೆ. ಆ ಕಣಿವೆಯಲ್ಲಿ ತಿರುಗುವ ಹೊತ್ತು ಬೆಳಿಗ್ಗೆ ಒಂಬತ್ತೂವರೆ. ಎಲ್ಕ್ ಕಣ್ಣು ತಪ್ಪಿಸಬಹುದು, ಕಿವಿ ತಪ್ಪಿಸಬಹುದು, ಮೂಗು ತಪ್ಪಿಸಲು ಆಗುವುದಿಲ್ಲ.

ಸೆಪ್ಟೆಂಬರ್ ಅವುಗಳ ಬೆದೆಯ ಕಾಲ. ಮುಸ್ಸಂಜೆಗೆ ಗಂಡು ಕೂಗುವುದು ಕೇಳಿದರೆ ಇಷ್ಟು ದೊಡ್ಡ ಪ್ರಾಣಿಯ ಗಂಟಲಿಂದ ಇಂಥ ಕೊಳಲು ಹೇಗೆ ಬಂತು ಅನ್ನಿಸುತ್ತದೆ, ಸಣ್ಣಗೆ ಏರಿ ಏರಿ ಒಡೆದು ಕೊನೆಗೆ ಗುಟುರಾಗುತ್ತದೆ. ಒಂದು ಒರತೆಯ ಹತ್ತಿರ ಅವು ಹೊರಳಾಡಿದ ಕೆಸರು ಹೊಂಡ ಸಿಕ್ಕಿತು. ನೀರು ಇನ್ನೂ ಕದಡಿಯೇ ಇತ್ತು, ಅಂಚಿನಲ್ಲಿ ಒತ್ತಿದ ಕೂದಲಿನ ಗೆರೆ. ಹೊಂಡ ಕಾಣುವ ಮೊದಲೇ ವಾಸನೆ ಬಂದಿತ್ತು, ಮಳೆಗಾಲದ ಕೊಟ್ಟಿಗೆಯದ್ದೇ, ಗಂಜಲ, ಒದ್ದೆ ಸೊಪ್ಪು, ಬೆಚ್ಚಗಿನ ದನದ ಮೈ. ನಿಂತು ಮೂಗು ತುಂಬ ಎಳೆದುಕೊಂಡೆ. ಬೇಸಿಗೆಯಲ್ಲಿ ರ‍್ಯಾಂಚಿನವರು ಈ ಕಾಡಿನಲ್ಲಿ ದನ ಮೇಯಿಸುತ್ತಾರೆ, ಹಸಿ ಹುಲ್ಲು ತಿಂದ ಎಲ್ಕ್ ಹಾಕಿದ್ದೂ ಹಿಕ್ಕೆಯಾಗದೆ ಮೆತ್ತಗೆ ಸಗಣಿಯ ಹಾಗೇ ಇರುತ್ತದೆ. ಎರಡನ್ನೂ ಬೇರೆ ಮಾಡಿ ಗುರುತಿಸುವುದು ಮಾತ್ರ ನನಗೆ ಕಷ್ಟವಾಗಲಿಲ್ಲ.

ಆದರೆ ಆ ಸಲ ಇನ್ನೊಂದನ್ನೂ ಎಣಿಸಿದೆ, ದಾರಿಯ ಬುಡದಲ್ಲಿ ನಿಂತ ಗಾಡಿಗಳನ್ನು. 14. ಬಿಲ್ಲಿನ ಬೇಟೆಯ ಸೀಸನ್ ಅದು. ಜುಲೈನಲ್ಲಿ ನಾನು ಒಬ್ಬನೇ ಕೂತಿದ್ದ ಅಂಚಿನಲ್ಲಿ ಈಗ ಮೂರು ಡೇರೆ. ನನಗೆ ಕಂಡ ಚೆಂದದ ಜಾಗ ಎಲ್ಲರಿಗೂ ಕಂಡಿತ್ತು. ಅವರೂ ಅದೇ ನಕ್ಷೆ ನೋಡಿದವರೇ ಅಲ್ವಾ.

ಮೂರನೇ ಸಲ ಹೋದದ್ದು ಅಕ್ಟೋಬರ್ 19ಕ್ಕೆ. ಮೊದಲ ರೈಫಲ್ ಸೀಸನ್ ಅದೇ ವಾರ ಮುಗಿದಿತ್ತು, ನನ್ನದು 26ಕ್ಕೆ ಶುರು. ಜಾಗ ಹುಡುಕುವವರಿಗೆ ನಾನು ಒಂದೇ ಒಂದು ಸಲಹೆ ಕೊಡಬಹುದಾದರೆ ಈ ನಡುವಿನ ದಿನಗಳನ್ನು ಬಿಡಬೇಡಿ ಅನ್ನುತ್ತೇನೆ. ಬೇಸಿಗೆಯ ಎಲ್ಕ್ ಹುಲ್ಲು ಇದ್ದಲ್ಲಿ ಇರುತ್ತದೆ, ಬೆದೆಯ ಎಲ್ಕ್ ಹೆಣ್ಣು ಇದ್ದಲ್ಲಿ, ಗುಂಡಿನ ಸದ್ದು ಕೇಳಿದ ಎಲ್ಕ್ ಮನುಷ್ಯ ಇಲ್ಲದಲ್ಲಿ. ನನಗೆ ಬೇಕಿದ್ದದ್ದು ಆ ಮೂರನೆಯದು. ಅದನ್ನು ಜುಲೈನಲ್ಲಿ ಎಷ್ಟು ನೋಡಿದರೂ ಕಾಣುವುದಿಲ್ಲ.

ಹಿಂದಿನ ರಾತ್ರಿ ನಾಲ್ಕು ಇಂಚು ಹಿಮ ಬಿದ್ದಿತ್ತು. 41 ಎಲ್ಕ್ ಇದ್ದ ಬಟ್ಟಲು ಖಾಲಿ, ಒಂದು ಹೆಜ್ಜೆಯೂ ಇಲ್ಲ. ಕೆಸರು ಹೊಂಡಕ್ಕೆ ಮಂಜುಗಡ್ಡೆಯ ಮುಚ್ಚಳ. ಮೂರು ಮೈಲಿ ದಾರಿಯುದ್ದಕ್ಕೂ ಹಿಮದ ಕೆಳಗೆ ಬೂಟು, ಕುದುರೆ ತುಳಿದ ಕೆಸರು ಗಟ್ಟಿಯಾಗಿ ನಿಂತಿತ್ತು. ಮಧ್ಯಾಹ್ನದವರೆಗೆ ಏನೂ ಸಿಗದೆ ಇಳಿಯುತ್ತಿದ್ದಾಗ ಒಂದು ಜಾಡು ದಾರಿಗೆ ಅಡ್ಡ ದಾಟಿತು. ಆರು ಏಳು ಪ್ರಾಣಿ, ಒಂದರ ಹೆಜ್ಜೆಯಲ್ಲಿ ಇನ್ನೊಂದು. ಹಿಮಕ್ಕಿಂತ ಈಚಿನದು, ಗೊರಸಿನ ಅಂಚು ಇನ್ನೂ ಚೂಪಾಗಿತ್ತು. ಹಿಂಬಾಲಿಸಿದೆ. ಐನೂರು ಗಜ ಇಳಿಜಾರಿನಲ್ಲಿ ಅಡ್ಡ ಹೋಗಿ ಅದು ನೇರ ಬಿದ್ದ ಮರಗಳ ಒಳಗೆ ಹೋಯಿತು. ನಾನು ಕೆಂಪು ಗುರುತು ಹಾಕಿದ್ದ ಜಾಗ.

ಅಂಚಿನಲ್ಲಿ ಗಾಳಿ ನೋಡಿ, ಅದು ನನ್ನ ಮುಖಕ್ಕೆ ಬರುವ ಕಡೆಯಿಂದ ಸ್ವಲ್ಪವೇ ಒಳಗೆ ಹೋದೆ. ದಿಮ್ಮಿಗಳ ನಡುವಿನ ಒಂದು ಖಾಲಿಯಲ್ಲಿ ಮೂರು ಮಲಗಿದ ಗುರುತು. ಮೈಯ ಬಿಸಿಗೆ ಹಿಮ ಕರಗಿ ಮತ್ತೆ ತೆಳ್ಳಗೆ ಗಾಜಿನ ಹಾಗೆ ಹೆಪ್ಪಾಗಿತ್ತು, ಅದರೊಳಗೆ ಪೊಳ್ಳು ಪೊಳ್ಳಾದ ಒರಟು ಕೂದಲು ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ಹಿಕ್ಕೆ, ಕೈಗವಸು ತೆಗೆದು ಮುಟ್ಟಿದರೆ ಮೆತ್ತಗೆ. ರಸ್ತೆಯಲ್ಲಿ ಗಾಡಿ ಹೋಗುವ ಸದ್ದು ಅಲ್ಲಿಗೆ ಕೇಳುತ್ತಿತ್ತು. ಇಷ್ಟು ಹತ್ತಿರ. ದೂರ ಹೋದಷ್ಟೂ ಎಲ್ಕ್ ಅಂತ ಎಲ್ಲರೂ ಮೈಲಿಗಟ್ಟಲೆ ನಡೆಯುತ್ತಿದ್ದಾಗ ಇವು ಯಾರಿಗೂ ಬೇಡವಾದ ಕಸದಂಥ ಕಾಡಿನಲ್ಲಿ ಸುಮ್ನೆ ಮೆಲುಕು ಹಾಕುತ್ತಿದ್ದವು. ಇನ್ನೂ ಒಳಗೆ ಹೋಗಲಿಲ್ಲ. ಎಬ್ಬಿಸಿದರೆ ಆ ಜಾಗವೂ ಅವಕ್ಕೆ ಇಲ್ಲದಾಗುತ್ತದೆ.

ಮಾಂಸವನ್ನು ಕಾಡಲ್ಲಿ ಬಿಟ್ಟು ಬರುವ ಹಾಗಿಲ್ಲವಲ್ಲ, ಹಾಗಾಗಿ ಉಳಿದದ್ದು ಅದನ್ನು ಹೊರುವ ಲೆಕ್ಕ. ಬೇಸಿಗೆಯೆಲ್ಲ ಹಾರ್ಸ್‌ಟೂತ್ ಗುಡ್ಡದಲ್ಲಿ ಬೆನ್ನಿಗೆ 20 ಪೌಂಡಿನ ಮೂರು ಸೋನಾ ಮಸೂರಿ ಚೀಲ ಹೊತ್ತು ಅಭ್ಯಾಸ ಮಾಡಿದ್ದೆ. ಮೂರು ಚೀಲ ಅಂದರೆ 27 ಕಿಲೋ, ಒಂದು ಹಿಂದೊಡೆಯಷ್ಟು. ಹೆಣ್ಣು ಎಲ್ಕ್ ಆದರೂ ಒಬ್ಬನಿಗೆ ನಾಲ್ಕೈದು ಹೊರೆ ಆಗುತ್ತದೆ. ಭಾನುವಾರ ಬೆಳಿಗ್ಗೆ ಆ ಚೀಲಗಳನ್ನು ಹೊತ್ತು, ಎಲ್ಕ್‌ಗಳಿಂದ ದೂರ, ಅದೇ ಬಿದ್ದ ಮರದ ಪಟ್ಟಿಯ ಇನ್ನೊಂದು ತುದಿಯಲ್ಲಿ ಗಡಿಯಾರ ನೋಡಿ ನಡೆದೆ. ಇನ್ನೂರು ಗಜಕ್ಕೆ ಒಂದು ಗಂಟೆ ಹತ್ತು ನಿಮಿಷ. ಎರಡು ಸಲ ಬಿದ್ದೆ, ಒಂದು ಚೀಲ ಕೊಂಬೆಗೆ ಸಿಕ್ಕಿ ಹರಿಯಿತು. ಆಮೇಲೆ ಕೆಳಗಿನ ಪುಟ್ಟ ಹುಲ್ಲುಗಾವಲಿನ ಅಂಚಿನಿಂದ ರಸ್ತೆಯವರೆಗೆ ನಡೆದೆ. ಐವತ್ತು ನಿಮಿಷ.

ವಾಲ್ಡೆನ್‌ಗೆ ಬಂದು ಸಿಗ್ನಲ್ ಸಿಕ್ಕಾಗ ಇಲ್ಲಿ ಸಂಜೆ ಆರು, ಊರಲ್ಲಿ ಸೋಮವಾರ ಬೆಳಿಗ್ಗೆ ಐದೂವರೆ. ಅಪ್ಪಯ್ಯ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದರು, ಸೌದೆ ಚಟಗುಟ್ಟುವುದು ಕೇಳಿಸಿತು. ಎಲ್ಲ ಹೇಳಿದೆ. ನೀರು ಮರಗಳ ಒಳಗೇ ಇದೆ, ಸಂಜೆ ಗಾಳಿ ಅವುಗಳ ಕಡೆಯಿಂದ ಹುಲ್ಲಿನ ಕಡೆಗೆ ಇಳಿಯುತ್ತದೆ ಅಂದೆ.

"ಹೊರುವವರು ಎಷ್ಟು ಜನ?"

"ನಾನೊಬ್ಬನೇ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಒಳಗೆ ಹೋಗ್ಬೇಡ. ಹುಲ್ಲಿನ ಕೆಳಗೆ ಕೂತ್ಕೊ. ಬಂದ್ರೆ ಬಂತು."